ಲಾರಿಯಷ್ಟು ಲಗೂನ

ದಾಂಡೇಲಿಯ ಕಟ್ಟಿಗೆ ಡಿಪೋಕ್ಕೆ ಹೊಸದಾಗಿ ಬಂದ ಸಾಹೇಬನಿಗೆ ಈ ದೇಶದ ಮಾತು ಮೂರೇ ಬರುತ್ತಿದ್ದವು: ಪಾನಿ, ಜಲ್ದಿ, ಛುಟ್ಟಿ ನಹೀಂ. ಮೊದಲಿನ ಎರಡರ ಬಗ್ಗೆ ಲಾರಿ ಮಿಸ್ತ್ರಿ ಪೀರಸಾಬನ ತಕರಾರೇನೂ ಇರಲಿಲ್ಲ. ಮೂರನೆಯದು ಮಾತ್ರ ಅವನ ಎದೆಯ ಮೇಲೆ ಸಾಗವಾನಿ ದಿಮ್ಮಿಯ ಹಾಗೆ ಬಿದ್ದುಕೊಂಡಿತ್ತು.

ಹೆಂಡತಿ ಹಬೀಬಾ ಚೊಚ್ಚಲ ಹೆರಿಗೆಗೆಂದು ಮುಂಡಗೋಡದ ತವರಿಗೆ ಹೋದವಳು ಮಳೆಗಾಲ ಮುಗಿದರೂ ಬಂದಿರಲಿಲ್ಲ. ಹೆಣ್ಣು ಕೂಸು ಹುಟ್ಟಿದೆ ಎಂದು ಗಾಡಿಯವರ ಬಾಯಿಂದ ಸುದ್ದಿ ಬಂದಿತ್ತು, ಅಷ್ಟೇ. ಕರೆದುಕೊಂಡು ಬಂದು ಬಿಡಲು ಆ ಮನೆಯಲ್ಲಿ ಗಂಡಸರಿಲ್ಲ. ಹೋಗಿ ಕರೆತರಲು ಇವನಿಗೆ ರಜೆಯಿಲ್ಲ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಡಿಪೋದ ಲಾರಿಗಳು ಇದ್ದಿಲ ಹೊಗೆ ಕುಡಿದು ಮುದುಕರಂತೆ ಕೆಮ್ಮುತ್ತ ಓಡಾಡುತ್ತಿದ್ದವು. ಆ ಕೆಮ್ಮಿಗೆ ಮದ್ದು ಗೊತ್ತಿದ್ದವನು ಪೀರಸಾಬ ಒಬ್ಬನೇ. ಸಂಜೆ ರೊಟ್ಟಿ ಬಡಿದು ಎರಡು ತಾಟು ಇಟ್ಟುಕೊಳ್ಳುತ್ತಿದ್ದ. ಆಮೇಲೆ ನೆನಪಾಗಿ ಒಂದನ್ನು ಎತ್ತಿ ಗೋಡೆಯ ಮಾಡದಲ್ಲಿ ಇಡುತ್ತಿದ್ದ.

ಅವತ್ತು ಬೆಳಿಗ್ಗೆ ಈರಕ್ಕನ ಚಹಾದ ಅಂಗಡಿಯಲ್ಲಿ ಡಿಪೋದ ಕಾವಲುಗಾರ ಖೇಮಪ್ಪ ಉಪಾಯ ಹೇಳಿದ. ಖೇಮಪ್ಪ ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ತಾಟು ತೊಳೆದು ಬಂದವನು. ತೊಳೆದ ತಾಟುಗಳಿಗೆ ಅಂಟಿಕೊಂಡಿದ್ದ ಇಂಗ್ಲೀಷನ್ನೆಲ್ಲ ತಾನೇ ಕೆರೆದು ತಂದಿದ್ದೇನೆ ಎಂಬ ಠೀವಿ ಅವನದು.

"ಇಂಗ್ಲೀಷಿನ್ಯಾಗ ಕೇಳಿದ್ರ ಸಾಹೇಬ ಬೆಣ್ಣಿ ಆಗ್ತಾನೋ ಪೀರಣ್ಣ. ಮೊದಲ ಹೊಗಳು, ಆಮ್ಯಾಲ ಕೇಳು. ಹೊಗಳೂದಂದ್ರ ಒಂದಕ್ಕೊಂದು ಸಮಾ ಮಾಡೂದು. ಈ ಕಡೆ ಒಂದ ಆ್ಯಜ್, ಆ ಕಡೆ ಒಂದ ಆ್ಯಜ್, ನಡುವ ಗುಣ. ಆ್ಯಜ್ ಗುಡ್ ಆ್ಯಜ್ ಗಾಡ್. ಅಂದ್ರ, ದೇವರಷ್ಟು ಒಳ್ಳ್ಯಾಂವ."

ಈರಕ್ಕ ಒಲೆ ಊದುವುದನ್ನು ಬಿಟ್ಟು ಕೇಳಿದಳು: "ನಮಗ 'ಅಷ್ಟು' ಅನ್ನೂದು ಒಂದ ಸಾಕಾಗ್ತೈತಿ. ಅವರಿಗೆ ಯಾಕ ಎರಡು?"

"ಅವರ ರಾಜ್ಯ ದೊಡ್ಡದು, ಈರಕ್ಕ."

ಪೀರಸಾಬ ಬಾಯಿಪಾಠ ಮಾಡತೊಡಗಿದ. ಅಂಗಡಿಯಲ್ಲಿ ಕೂತವರೂ ಕೈ ಹಚ್ಚಿದರು. ಒಬ್ಬ ಸಾಹೇಬನನ್ನು ಆನೆಗೆ ಸಮ ಮಾಡು ಅಂದ, ಇನ್ನೊಬ್ಬ ಹುಲಿಗೆ ಅಂದ. ಹುಲಿಗೆ ಸಮ ಮಾಡಿದರೆ ಅದೇ ಸಾಹೇಬ ಬಂದೂಕು ತಗೊಂಡಾನು ಎಂದು ಖೇಮಪ್ಪ ಗದರಿದ. ಹೊಗಳಿಕೆಯ ಗದ್ದಲದಲ್ಲಿ ರಜೆಯ ಮಾತೇ ಮರೆತುಹೋಗಿತ್ತು. ಕಡೆಗೆ ಈರಕ್ಕನೇ ಅಂದಳು:

"ತಮ್ಮಾ, ಅವನ ಹೆಂಡ್ತೀನೂ ದೂರ ಅದಾಳ, ನಿನ್ನ ಹೆಂಡ್ತೀನೂ ದೂರ ಅದಾಳ. ಎರಡೂ ಸಮಾ ಅಂತ ಹೇಳು."

ನಿಜವೇ. ಸಾಹೇಬನ ಹೆಂಡತಿ ಮಡ್ಡಮ್ಮ ಹಡಗು ಸಿಗದೆ ವಿಲಾಯತಿಯಲ್ಲೇ ಉಳಿದಿದ್ದಳು. ಮೇಜಿನ ಮೇಲಿನ ಅವಳ ಫೋಟೋದ ಧೂಳನ್ನು ಸಾಹೇಬ ಜವಾನನಿಗೂ ಒರೆಸಗೊಡುತ್ತಿರಲಿಲ್ಲ.

"ವಿಲಾಯತಿ ಎಲ್ಲಿ, ಮುಂಡಗೋಡ ಎಲ್ಲಿ? ಸಮಾ ಹೆಂಗಾಗ್ತೈತಿ?" ಎಂದ ಖೇಮಪ್ಪ.

"ಮನ್ಯಾಗ ಇಲ್ಲದಾಕಿ ಎಲ್ಲಿದ್ರೂ ಅಷ್ಟ ದೂರ," ಎಂದು ಈರಕ್ಕ ಮತ್ತೆ ಒಲೆಯ ಕಡೆ ತಿರುಗಿದಳು.

ಪೀರಸಾಬ ಚಹಾದ ಬಟ್ಟಲು ಕೆಳಗಿಟ್ಟ.

ಖೇಮಪ್ಪ ಆ ಮಾತಿಗೂ ಎರಡು ಆ್ಯಜ್ ಜೋಡಿಸಿಕೊಟ್ಟ. ಪೀರಸಾಬ ಕೈಯ ಎಣ್ಣೆಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ರುಮಾಲು ಸರಿಮಾಡಿಕೊಂಡು ಆಫೀಸಿನ ಒಳಗೆ ಹೋದ. ಖೇಮಪ್ಪ ಹೊರಗೆ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ.

ಸಾಹೇಬ ತಲೆ ಎತ್ತಿದ. ಅವನ ನೀಲಿ ಕಣ್ಣು ಕಂಡದ್ದೇ ಪೀರಸಾಬನ ತಲೆಯಲ್ಲಿದ್ದದ್ದೆಲ್ಲ ತೂತುಬಿದ್ದ ಟ್ಯಾಂಕಿಯ ನೀರಿನಂತೆ ಸೋರಿತು.

"ಸಾಹೇಬ... ಆ್ಯಜ್ ಗುಡ್... ಆ್ಯಜ್ ಗೋಟ್!"

ಕಿಟಕಿಯ ಕೆಳಗೆ ಖೇಮಪ್ಪ ಹಣೆ ಬಡಿದುಕೊಂಡ. "ಆಡು ಅಂದ್ನಲ್ಲೋ! ಸಾಹೇಬನ್ನ ಆಡು ಮಾಡಿದ್ನಲ್ಲೋ!"

ಸಾಹೇಬನ ಕಿವಿ ಕೆಂಪಾದವು. ಬಾಯಿ ತೆರೆಯಿತು, "ಛುಟ್ಟಿ" ಎನ್ನುವವರೆಗೆ ಬಂತು. "ನಹೀಂ" ಬರುವುದರೊಳಗೆ ಪೀರಸಾಬ ಮೇಜಿನ ಮೇಲಿದ್ದ ಫೋಟೋದ ಕಡೆ ಕೈ ತೋರಿಸಿ ಕಣ್ಣು ಮುಚ್ಚಿ ಒದರಿಬಿಟ್ಟ:

"ಮೈ ವೈಫ್ ಆ್ಯಜ್ ಫಾರ್ ಆ್ಯಜ್ ಯುವರ್ ವೈಫ್!"

ದೂರದಲ್ಲಿ ಕಟ್ಟಿಗೆ ಕೊಯ್ಯುವ ಗರಗಸ ಗುಂಯ್‌ಗುಟ್ಟುತ್ತಿತ್ತು. ಪೀರಸಾಬ ಒಂದು ಕಣ್ಣು ತೆರೆದು ನೋಡಿದ. ಸಾಹೇಬ ಫೋಟೋ ನೋಡುತ್ತಿದ್ದ. "ಆ್ಯಜ್ ಫಾರ್ ಆ್ಯಜ್..." ಎಂದು ತನ್ನಷ್ಟಕ್ಕೆ ಅಂದುಕೊಂಡ. ಹೆಂಡತಿ ಎಲ್ಲಿದ್ದಾಳೆ ಎಂದು ಕೈಸನ್ನೆಯಲ್ಲಿ ಕೇಳಿದ. "ಮುಂಡಗೋಡ. ಬೇಬಿ," ಎಂದ ಪೀರಸಾಬ. ಸಾಹೇಬ ಎದ್ದು ಬಂದು, ಎಂದೂ ಮಾಡದ್ದನ್ನು ಮಾಡಿದ: ಮಿಸ್ತ್ರಿಯ ಹೆಗಲ ಮೇಲೆ ಕೈಯಿಟ್ಟ. ನಗುತ್ತ ಉದ್ದಕ್ಕೆ ಏನೋ ಹೇಳಿ ಬಾಗಿಲು ತೋರಿಸಿದ.

ಪೀರಸಾಬ ಹೊರಗೆ ಬಂದ.

"ಏನಂದ? ಏನಂದ?" ಖೇಮಪ್ಪ ಅಂಗಿ ಹಿಡಿದು ಜಗ್ಗಿದ.

"ಪೂರಾ ತಿಳೀಲಿಲ್ಲ. ಆ್ಯಜ್ ಸೂನ್ ಆ್ಯಜ್... ಲಾರಿ, ಅಂದ."

ಖೇಮಪ್ಪ ಕಣ್ಣು ಮುಚ್ಚಿ ಬೆರಳು ಮಡಚಿ ಬಿಚ್ಚಿದ. "ಸೂನ್ ಅಂದ್ರ ಲಗೂನ. ಎರಡು ಆ್ಯಜ್ ಬಂದಾವ, ಅಂದಮ್ಯಾಲ ಸಮಾ. ಲಾರಿಯಷ್ಟು ಲಗೂನ! ಲಾರಿ ಎಷ್ಟು ಜೋರ ಓಡ್ತೈತೋ ಅಷ್ಟು ಜೋರ ಹೋಗಿ ಹೆಂಡ್ತೀನ್ನ ಕರಕೊಂಡ ಬಾ ಅಂದಾನ! ಓಡೋ ಹುಚ್ಚಪ್ಯಾಲಿ, ನಿಂತೀಯಲ್ಲ!"

ಪೀರಸಾಬ ಓಡಿದ. ಮನೆಗೂ ಹೋಗಲಿಲ್ಲ. ಈರಕ್ಕ ಹಿಂದಿನಿಂದ ಎಸೆದ ಬೆಲ್ಲದ ಪೊಟ್ಟಣವನ್ನು ಎದೆಗೆ ಆನಿಸಿಕೊಂಡು, ಹಳಿಯಾಳಕ್ಕೆ ಹೊರಟಿದ್ದ ಒಂದು ಕುದುರೆ ಟಾಂಗಾಕ್ಕೆ ಜೋತುಬಿದ್ದ. ಹಳಿಯಾಳದಲ್ಲಿ ಮುಂಡಗೋಡದ ಬಸ್ಸು ಹೊರಡುವುದರಲ್ಲಿತ್ತು. ಅದೂ ಇದ್ದಿಲ ಬಸ್ಸೇ. ಕಲಘಟಗಿ ದಾಟುವುದರೊಳಗೆ ಅದು ಏರು ಬಂದಲ್ಲೆಲ್ಲ ನಿಂತು, ಇಳಿದು ನೂಕಿರಿ ಎಂದು ಹಟ ಮಾಡಿತು. ಕೂತಿದ್ದಕ್ಕಿಂತ ನೂಕಿದ್ದೇ ಹೆಚ್ಚಾಯಿತು. ಕೊನೆಗೆ ತಡೆಯಲಾರದೆ ಪೀರಸಾಬ ತಾನೇ ಬಸ್ಸಿನ ಹಿಂದಿನ ಒಲೆಯೊಳಗೆ ಕೈ ಹಾಕಿ ಕೊಳವೆಯ ಬೂದಿ ತೆಗೆದ. ಮುಖವೆಲ್ಲ ಮಸಿ. ಅದಕ್ಕೂ ಅವನಿಗೆ ಬೇಸರವಿಲ್ಲ. ಕೂಸಿನ ಹೆಸರು ಏನಿಟ್ಟಿರಬಹುದು, ಕಣ್ಣು ಯಾರಂತೆ ಇರಬಹುದು, ಮಸಿ ಮುಖ ಕಂಡು ಅತ್ತರೆ ಹೆಂಗೆ ಎಂಬುದೇ ಅವನ ಚಿಂತೆ.

ಮುಂಡಗೋಡ ಮುಟ್ಟಿದಾಗ ಹೊತ್ತು ಇಳಿದಿತ್ತು. ಅತ್ತೆ ರೋಷನಬಿ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದವಳು ಅಳಿಯನನ್ನು ಕಂಡು ಮೊರ ಕೆಳಗೆ ಬಿಟ್ಟಳು.

"ಯಾ ಅಲ್ಲಾ! ನೀ ಇಲ್ಲೇನ ಮಾಡಾಕತ್ತೀ ಬೇಟಾ?"

"ಹಬೀಬಾ ಎಲ್ಲಿ ಅಮ್ಮಾ?"

"ದಾಂಡೇಲ್ಯಾಗ!"

ಪೀರಸಾಬ ತಾನು ಬಂದ ದಾರಿಯ ಕಡೆ ತಿರುಗಿ ನೋಡಿದ.

"ಮಧ್ಯಾಹ್ನ ನಿಮ್ಮ ಸಾಹೇಬನ ಲಾರಿ ಬಂದಿತ್ತಲ್ಲ. ಯಲ್ಲಾಪುರದ ದಾರಿಗುಂಟ ಡ್ರೈವರ್ ಹೀರಪ್ಪ ತಂದಿದ್ದ. ತನ್ನ ಹೆಂಡ್ತೀನ್ನೂ ಜೋಡಿಗೆ ಕರಕೊಂಡ ಬಂದಿದ್ದ, ಬಾಣಂತಿಗೆ ಹೆಂಗಸರು ಇರ್ಲಿ ಅಂತ. ಲಾರಿ ತಿರುಗಿ ಬಂದ ಕೂಡ್ಲೇ ನಿನ್ನ ಹೆಂಡ್ತಿ ದಾಂಡೇಲ್ಯಾಗ ಇರ್ತಾಳ ಅಂತ ಸಾಹೇಬ ನಿನಗ ಬೆಳಿಗ್ಗೇನ ಹೇಳ್ಯಾನಂತಲ್ಲ. ನಿನಗ ಕೇಳಿಸ್ಲಿಲ್ಲೇನು?"

"ಕೇಳಿಸ್ತು ಅಮ್ಮಾ," ಎಂದ ಪೀರಸಾಬ ಕಟ್ಟೆಯ ಮೇಲೆ ಕುಸಿದು. "ಚಲೋತ್ನಾಗ ಕೇಳಿಸ್ತು."

ತಿರುಗಿ ಹೋಗಲು ಬಸ್ಸು ಇನ್ನು ಸಂತೆಯ ದಿನಕ್ಕೇ. ಅಲ್ಲಿ ದಾಂಡೇಲಿಯಲ್ಲಿ ಹಬೀಬಾ ಈಗ ಬೀಗ ಹಾಕಿದ ಬಾಗಿಲ ಮುಂದೆ ಕೂಸನ್ನು ಎತ್ತಿಕೊಂಡು ನಿಂತಿರಬೇಕು. ಈರಕ್ಕ ಒಳಗೆ ಕರೆದು ಮಲಗಲು ಜಾಗ ಕೊಟ್ಟಾಳು. ಕೇಳದೆ ರಜೆ ಹಾಕಿದ ಮಿಸ್ತ್ರಿಗೆ ಸಾಹೇಬ ಏನನ್ನುತ್ತಾನೋ, ಅದನ್ನು ಖೇಮಪ್ಪನೇ ಅರ್ಥ ಮಾಡಿ ಹೇಳಬೇಕು.

ಒಳಗೆ ಜಂತಿಗೆ ಕಟ್ಟಿದ ತೊಟ್ಟಿಲು ಇನ್ನೂ ಬಿಚ್ಚಿರಲಿಲ್ಲ. ಪೀರಸಾಬ ಹೋಗಿ ಅದರ ಹತ್ತಿರ ಕೂತ. ಒಳಗಿನ ಅರಿವೆ ಮುಟ್ಟಿ ನೋಡಿದ. ಹಾಲಿನ ವಾಸನೆ ಬರುತ್ತಿತ್ತು.

"ಎಷ್ಟ ದೊಡ್ಡಾಕಿ ಆಗ್ಯಾಳ ಅಮ್ಮಾ?"

ರೋಷನಬಿ ಎರಡೂ ಕೈ ಚಾಚಿ ತೋರಿಸಿದಳು. "ಇಷ್ಟ."

ಪೀರಸಾಬ ತನ್ನ ಎರಡು ಕೈಗಳನ್ನು ಅವಳ ಕೈಗಳಿಗೆ ಎದುರಾಗಿ ಹಿಡಿದ. ಚೂರು ಅಗಲ ಮಾಡಿದ, ಚೂರು ಸಣ್ಣ ಮಾಡಿದ. ಸರಿಯಾಗಿ ಅಷ್ಟೇ ಆಯಿತೆಂದು ಅತ್ತೆ ತಲೆಯಾಡಿಸಿದ ಮೇಲೆ ಹಾಗೇ ಹಿಡಿದು ಕೂತ.

ಅವಳು ಅಡಿಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಅಳಿಯ ಕೂತ ಹಾಗೇ ಕೂತಿದ್ದ.

"ಹಿಡಿ ಬೇಟಾ, ಆರಿ ಹೋಗ್ತೈತಿ."

ಪೀರಸಾಬ ಬಟ್ಟಲು ನೋಡಿದ, ತನ್ನ ಕೈಗಳನ್ನು ನೋಡಿದ.

"ಅಲ್ಲೇ ಇಡ್ರಿ ಅಮ್ಮಾ," ಎಂದ. "ಕೈ ಖಾಲಿ ಇಲ್ಲ."