ಸಾಹೇಬರ ಗಟ್ಟಿಂಗು

ಸಾಹೇಬರ ಟೆನಿಸ್ ರ‍್ಯಾಕೆಟ್ಟಿನ ಒಂದು ಎಳೆ, ಯಾರೂ ಮುಟ್ಟದೆ, ಚೀಲದೊಳಗೇ ಪಟ್ಟೆಂದು ಹರಿಯಿತು. ಆಗ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ತೂಕ ಮತ್ತು ಅಳತೆ ಕಚೇರಿಯಲ್ಲಿ ಆ ಹೊತ್ತಿಗೆ ತನ್ನ ಕುರ್ಚಿಯಲ್ಲಿ ಕೂತಿದ್ದವನು ಗುಮಾಸ್ತ ಒಬ್ಬನೇ. ಆದ್ದರಿಂದ ಸಾಹೇಬರು ಗಂಟೆ ಒತ್ತಿದಾಗ ಎದ್ದು ಓಡಿದವನೂ ಅವನೇ. ಹೊತ್ತಿಗೆ ಸರಿಯಾಗಿ ಬರುವವರಿಗೆ ಆ ಇಲಾಖೆ ಕೊಡುತ್ತಿದ್ದ ಬಹುಮಾನ ಇದೊಂದೇ.

"ನಾಲ್ಕು ಗಂಟೆಗೆ ನಿರ್ದೇಶಕರ ಜೊತೆ ಆಟ ಇದೆ," ಎಂದರು ಸಾಹೇಬರು. ಹರಿದ ಎಳೆಯನ್ನು ಸತ್ತ ಹಲ್ಲಿಯ ಬಾಲದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. "ಇವತ್ತೇ ಹರೀಬೇಕಾ ಇದು? ಹೋಗಿ ಹಳೇ ಎಳೆ ಪೂರ್ತಿ ಬಿಚ್ಚಿಸಿ ಹೊಸ ಗಟ್ಟಿಂಗ್ ಹಾಕಿಸ್ಕೊಂಡು ಬನ್ನಿ. ಟೆನ್ಶನ್, ಅಂದ್ರೆ ಬಿಗಿ, ಐವತ್ಮೂರು. ಒಂದು ಹೆಚ್ಚು ಬೇಡ, ಒಂದು ಕಮ್ಮಿ ಬೇಡ. ಎಳೆ ಯಾವುದು ಅಂತ ನೀವೇ ನೋಡಿ."

"ಸಾರ್, ನನಗೆ ಟೆನಿಸ್ಸು..."

"ಆಡೋದು ನಾನು. ನೀವು ಕಟ್ಟಿಸಿದರೆ ಸಾಕು." ಸಾಹೇಬರು ದನಿ ಇಳಿಸಿದರು. "ನಿಮ್ಮ ಅರ್ಜಿ ಎಲ್ಲಕ್ಕಿಂತ ಮೇಲಿಟ್ಟಿದೀನಿ. ಆಟ ಮುಗೀತಿದ್ದ ಹಾಗೆ ಸಹಿ ಹಾಕಿಸೋಣ. ಸರೀನಾ?"

ವರ್ಗಾವಣೆಯ ಅರ್ಜಿಯ ಮಾತು ಬಂದ ಕೂಡಲೇ ಗುಮಾಸ್ತ ಚೀಲಕ್ಕೆ ಕೈ ಚಾಚಿದ. ನಾಲ್ಕು ವರ್ಷದಿಂದ ಅವನ ಹೆಂಡತಿ, ರೈಲಿನಲ್ಲಿ ಏಳು ಗಂಟೆ ದೂರದ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಮಗಳನ್ನು ಕಟ್ಟಿಕೊಂಡು ತನ್ನ ಅಕ್ಕನ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಗುಮಾಸ್ತ ಹೋದರೆ ಮಗಳು ಕುರ್ಚಿ ಎಳೆದುಕೊಟ್ಟು "ಕೂತ್ಕೊಳಿ" ಎಂದು ಬಹುವಚನದಲ್ಲಿ ಹೇಳುತ್ತಿದ್ದಳು. ಎಂಥ ಮರ್ಯಾದೆಯ ಮಗು ಎಂದು ನೆಂಟರು ಹೊಗಳುತ್ತಿದ್ದರು. ಆ ಊರಿನ ಕಚೇರಿಯಲ್ಲಿ ಈಗ, ಮೊದಲ ಸಲ, ಒಂದು ಜಾಗ ಖಾಲಿಯಾಗಿತ್ತು. ತಪಾಸಣೆಗೆ ಬಂದಿದ್ದ ನಿರ್ದೇಶಕರು ಸಂಜೆಯ ರೈಲು ಹತ್ತುವ ಮೊದಲು ಅದನ್ನು ತುಂಬಿಸಿಯೇ ಹೋಗುವವರಿದ್ದರು.

ಚೀಲ ಹೆಗಲಿಗೇರಿಸಿ ಹೊರಬಂದವನನ್ನು, ಆಗತಾನೇ ಬಂದು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಹಿರಿಯ ಗುಮಾಸ್ತರು ತಡೆದರು. ಕಚೇರಿ ಅವರಿಗಿಟ್ಟ ಹೆಸರು ವಿಶ್ವಕೋಶ. ಅವರಿಗೆ ಎಲ್ಲ ಗೊತ್ತಿತ್ತು. ಎಲ್ಲ ಗೊತ್ತಿದ್ದವರು ಕೆಲಸ ಮಾಡಬೇಕಾಗಿಲ್ಲ ಎಂಬುದೂ ಗೊತ್ತಿತ್ತು. ಅವರ ಮೇಜಿಗೆ ಹೋದ ಫೈಲು ಹಿಂದಿರುಗಿದ್ದನ್ನು ಕಂಡವರಿರಲಿಲ್ಲ.

"ಐವತ್ಮೂರು ಏನು?" ಎಂದರು ವಿಶ್ವಕೋಶ.

"ಐವತ್ಮೂರು... ಟೆನ್ಶನ್ನು."

"ಅಯ್ಯೋ ಪುಣ್ಯಾತ್ಮ, ಐವತ್ಮೂರು ಏನು ಅಂದೆ. ಮೊಳಾನಾ, ಮಾರಾ? ಪೌಂಡು ರೀ, ಪೌಂಡು! ಇಲ್ಲೇ ಹಿಡಿ ಮೇಲೆ ಬರೆದಿಲ್ವಾ?"

"ಸರಿ, ಅಂಗಡಿಯವನಿಗೆ ಐವತ್ಮೂರು ಪೌಂಡು ಅಂತ ಬರೆದುಕೊಡ್ತೀನಿ."

"ಎಲ್ಲಿ, ನಮ್ಮ ಆಫೀಸಿನ ಚೀಟೀಲಾ? ನಿರ್ದೇಶಕರು ಊರಲ್ಲಿರೋವಾಗ? ಪೌಂಡಲ್ಲಿ ತೂಗಿದ ಅಂಗಡಿ ಎಷ್ಟು ಮುಚ್ಚಿಸಿದೀವಿ ನಾವು!" ವಿಶ್ವಕೋಶ ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ಗಾಳಿಯಲ್ಲಿ ಭಾಗಾಕಾರ ಮಾಡಿದರು. "ಇಪ್ಪತ್ನಾಲ್ಕು ಕಿಲೋ. ಕಾನೂನಿಗೆ ಕಾನೂನು, ಕೆಲಸಕ್ಕೆ ಕೆಲಸ."

ಚೀಟಿಯ ಮೇಲೆ 24 ಎಂದು ದಪ್ಪಗೆ ಬರೆದು, ಪಕ್ಕದಲ್ಲಿ ಕಚೇರಿಯ ಮೊಹರು ಒತ್ತಿದರು. ಅಂಕಿಯ ಮುಂದೆ ಏನೂ ಬರೆಯಲಿಲ್ಲ. ಅಳತೆಯ ಹೆಸರಿಲ್ಲದೆ ಅಂಕಿ ಬರೆದ ವ್ಯಾಪಾರಿಗಳ ಮೇಲೆ ಮೊಕದ್ದಮೆ ಹೂಡುವುದು ಆ ಕಚೇರಿಯ ಮುಖ್ಯ ಕೆಲಸವಾಗಿತ್ತು.

"ಗಟ್ಟಿಂಗ್ ಅಂದಮೇಲೆ ಗಟ್ಟಿಯಾಗಿರಲಿ ಅಪ್ಪ," ಎಂದರು ಅಷ್ಟರಲ್ಲಿ ಬಂದು ಕೂತಿದ್ದ ಟೈಪಿಸ್ಟಮ್ಮ, ಕೀಲಿಮಣೆಯಿಂದ ಕಣ್ಣೆತ್ತದೆ. "ಸಡ್ಲ ಕಟ್ಟಿಸ್ಕೊಂಡು ಬಂದು ಆಮೇಲೆ ನನ್ನ ವರ್ಗ ನನ್ನ ವರ್ಗ ಅಂತ ಅಳಬೇಡಿ."

ಗಟ್ಟಿಂಗಿನವನ ಅಂಗಡಿ ಪೇಟೆಯ ಬೀದಿಯಿಂದ ಎರಡು ಮೆಟ್ಟಿಲು ಕೆಳಗೆ, ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಗೋಡೆ ತುಂಬ ಶಟಲ್ ಬ್ಯಾಟುಗಳು ಬಾವಲಿಗಳಂತೆ ತಲೆಕೆಳಗಾಗಿ ನೇತಾಡುತ್ತಿದ್ದವು. ಆ ಊರಲ್ಲಿ ಶಟಲ್ ಎಲ್ಲರೂ ಆಡುತ್ತಿದ್ದರು. ಟೆನಿಸ್ ಆಡುವವರು ಸಾಹೇಬರುಗಳು ಮಾತ್ರ.

"ಟೆನ್ಶನ್ ಎಷ್ಟಿದೆ ಸಾರ್?"

"ಬೆಳಿಗ್ಗೆಯಿಂದ ವಿಪರೀತ," ಎಂದ ಗುಮಾಸ್ತ. ಆಮೇಲೆ ನೆನಪಾಗಿ ಚೀಟಿ ಕೊಟ್ಟ.

ಗಟ್ಟಿಂಗಿನವನು ಚೀಟಿ ನೋಡಿದ, ರ‍್ಯಾಕೆಟ್ ನೋಡಿದ, ಮತ್ತೆ ಚೀಟಿ ನೋಡಿದ. ಎಳೆ ಸುತ್ತಿದ ಮೂರು ಉರುಳೆ ಎತ್ತಿ ಮೇಜಿನ ಮೇಲಿಟ್ಟ. "ಇದು ಕರುಳಿಂದು. ಕೈಗೆ ಬೆಣ್ಣೆ ಇದ್ದ ಹಾಗೆ, ಆದರೆ ಹನಿ ನೀರು ಬಿದ್ದರೆ ಕೆಟ್ಟಿತು. ಇದು ಪಾಲಿ, ಅಂದ್ರೆ ಪಾಲಿಯೆಸ್ಟರು. ಇದು ಹರಿಯಲ್ಲ, ಹರಿಯೋದು ಆಡೋರ ಭುಜ. ಇದು ನೈಲಾನು. ಇದರಿಂದ ಯಾರಿಗೂ ಒಳ್ಳೇದೂ ಆಗಲ್ಲ, ಕೆಟ್ಟದ್ದೂ ಆಗಲ್ಲ."

ಮೂರನೆಯದರ ಬಗ್ಗೆ ಗುಮಾಸ್ತನಿಗೆ ಒಡಹುಟ್ಟಿದವರ ಬಗ್ಗೆ ಹುಟ್ಟುವಂಥ ಪ್ರೀತಿ ಹುಟ್ಟಿತು. ನೈಲಾನು ಎಂದ.

ಅರ್ಧ ಕಟ್ಟಿದ್ದಾಗ ಫೋನು. ವಿಶ್ವಕೋಶ. "ಯಾವುದು ಹಾಕಿಸ್ತಿದೀರಿ? ನೈಲಾನಾ? ಸಾಹೇಬರು ಆಡೋಕೆ ಹೋಗ್ತಿದಾರೋ ಮೀನು ಹಿಡಿಯೋಕೋ? ಪಾಲಿ ಹಾಕಿಸ್ರೀ!"

ನೈಲಾನು ಕತ್ತರಿಸಿ ಪಾಲಿ. ಮುಕ್ಕಾಲು ಕಟ್ಟಿದ್ದಾಗ ಮತ್ತೆ ಫೋನು. ಟೈಪಿಸ್ಟಮ್ಮ. "ಪಾಲಿ ಅಂತೆ? ನನ್ನ ತಮ್ಮನ ಮೊಣಕೈ ಹೋದದ್ದೇ ಪಾಲಿಯಿಂದ. ನಾಲ್ಕು ತಿಂಗಳು ಅನ್ನ ನಾನೇ ಕಲೆಸಿ ಬಾಯಿಗಿಟ್ಟಿದೀನಿ. ಸಾಹೇಬರ ಕೈಗೇನಾದ್ರೂ ಆದ್ರೆ ನಿಮ್ಮ ಅರ್ಜಿಗೆ ಶಿಫಾರಸು ಕಾಲಲ್ಲಿ ಬರೀತಾರಾ?"

ಪಾಲಿ ಕತ್ತರಿಸಿ ಮತ್ತೆ ನೈಲಾನು. ಎರಡು ಗಂಟೆಯಾಗಿತ್ತು. ಗಟ್ಟಿಂಗಿನವನು ಬೆವರು ಒರೆಸಿಕೊಂಡು ಯಂತ್ರದ ಮುಳ್ಳು ತಿರುಗಿಸುತ್ತ, "ಒಂದು ಮಾತು ಸಾರ್," ಎಂದ. "ಟೆನಿಸ್‌ಗೆ ಇಪ್ಪತ್ನಾಲ್ಕು ಅಂದ್ರೆ ಸ್ವಲ್ಪ..."

ಬೆಳಿಗ್ಗೆಯಿಂದ ಸಿಕ್ಕಸಿಕ್ಕವರ ಮಾತು ಕೇಳಿ ಕೇಳಿ ಗುಮಾಸ್ತನ ಕಿವಿ ಕಾದುಹೋಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವನು ದನಿ ಏರಿಸಿದ. "ಮೊಹರು ಕಾಣಲ್ವಾ? ಬರೆದಷ್ಟು ಮಾಡ್ರೀ!"

ಗಟ್ಟಿಂಗಿನವನ ಭಾವಮೈದುನನ ಅಂಗಡಿಯ ತಕ್ಕಡಿಯನ್ನು ಹೋದ ವರ್ಷ ಅದೇ ಮೊಹರು ಹೊತ್ತುಕೊಂಡು ಹೋಗಿತ್ತು. ಅವನು ಬರೆದಷ್ಟು ಮಾಡಿದ.

ಗುಮಾಸ್ತ ಕಚೇರಿಗೆ ಬಂದಾಗ ಮೂರೂಕಾಲು. ವಿಶ್ವಕೋಶ ಚೀಲದಿಂದ ರ‍್ಯಾಕೆಟ್ ಎಳೆದು, ತಿಳಿದವರ ಹಾಗೆ ಹೆಬ್ಬೆರಳಿಂದ ಎಳೆಗಳನ್ನು ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಒಗೆದು ಒಗೆದು ಜೋತುಬಿದ್ದ ಬನಿಯನ್ನಿನ ಕೊರಳಿನ ಹಾಗೆ ಎಳೆಗಳು ಹಿಗ್ಗಿ ಅದಕ್ಕೆ ದಾರಿ ಬಿಟ್ಟವು.

"ಇದೇನ್ರೀ ಇದು?"

ಕಚೇರಿಯಲ್ಲಿ ಸಂದೇಹ ಬಂದರೆ ತೂಗಿ ನೋಡುವುದು ರೂಢಿ. ಬೀರುವಿನಿಂದ ಎರಡು ಕಿಲೋದ ಹಿತ್ತಾಳೆ ಬಟ್ಟು ತಂದು ನಡುವೆ ಇಟ್ಟರು. ಬಟ್ಟು ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಆರಾಮವಾಗಿ ಕೆಳಗಿಳಿಯಿತು. ಟೈಪಿಸ್ಟಮ್ಮ ಅಂಗಡಿಗೆ ಫೋನು ಹಚ್ಚಿ, ಕೇಳಿಸಿಕೊಂಡು, ಇಟ್ಟರು.

"ಅವನ ಮಷೀನು ಪೌಂಡಿಂದಂತೆ. ಇಪ್ಪತ್ನಾಲ್ಕು ಅಂತ ಬರೆದಿತ್ತು, ಇಪ್ಪತ್ನಾಲ್ಕು ಪೌಂಡು ಕಟ್ಟಿದೀನಿ ಅಂದ. ಶಟಲ್ ಬ್ಯಾಟಿಗೆ ಹಾಗೇ ಕಟ್ಟೋದಂತೆ."

ಐವತ್ಮೂರರ ಅರ್ಧಕ್ಕೂ ಕಮ್ಮಿ. ಗುಮಾಸ್ತ ಗಡಿಯಾರ ನೋಡಿದ. ವಿಶ್ವಕೋಶ ತಾವು ಮಾಡಿದ ಲೆಕ್ಕವನ್ನು ಗಾಳಿಯಲ್ಲಿ ಇನ್ನೊಮ್ಮೆ ಮಾಡಿ ನೋಡಿದರು. ಆ ಕಚೇರಿಯ ಚರಿತ್ರೆಯಲ್ಲಿ ಅದು ಮೊದಲು.

"ತಪ್ಪು ಅವನದು," ಎಂದರು ಆಮೇಲೆ. "ಈಗ ವಾಪಸು ಹೋಗಿ ಬರೋಕೆ ಹೊತ್ತಿಲ್ಲ. ಕಾಯಿಸೋಣ. ಡೋಲು ಸಡ್ಲ ಆದ್ರೆ ಬೆಂಕಿಗೆ ಹಿಡಿಯಲ್ವಾ?"

"ಅದು ಚರ್ಮ ಸಾರ್, ಇದು ನೈಲಾನು."

"ವಿಜ್ಞಾನ ಎರಡಕ್ಕೂ ಒಂದೇ ರೀ!"

ಚಹಾ ಕಾಯಿಸುವ ಒಲೆಯ ಮೇಲೆ ರ‍್ಯಾಕೆಟ್ಟನ್ನು ಹಿಡಿದರು. ಒಂದು ನಿಮಿಷದಲ್ಲಿ ಸುಟ್ಟ ಕೂದಲಿನ ವಾಸನೆ ಬಂತು. ಮಿಕ್ಕಿದ್ದ ಅಷ್ಟಿಷ್ಟು ಬಿಗಿಯೂ ಇಳಿದುಹೋಯಿತು. "ನಾನು ಬೆಳಿಗ್ಗೇನೇ ಹೇಳಿದೆ, ಗಟ್ಟಿಯಾಗಿರಲಿ ಅಂತ," ಎಂದರು ಟೈಪಿಸ್ಟಮ್ಮ. ಅಷ್ಟರಲ್ಲಿ ಬಿಳಿ ಚಡ್ಡಿ ಹಾಕಿಕೊಂಡ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಗುಮಾಸ್ತ ರ‍್ಯಾಕೆಟ್ಟನ್ನು ಚೀಲಕ್ಕೆ ತುರುಕಿ ಜಿಪ್ಪು ಎಳೆದ.

"ಆಯ್ತಾ? ಬನ್ನಿ, ನೀವೂ ಬನ್ನಿ. ಫೈಲು ತಗೊಳಿ."

ನಿರ್ದೇಶಕರು ಅಂಕಣದಲ್ಲಿ ಬೀರುವಿನ ಹಾಗೆ ನಿಂತಿದ್ದರು. ಓಡುವುದು ಅವರ ಅಂತಸ್ತಿಗೆ ಹೇಳಿದ್ದಲ್ಲ. ಸಾಹೇಬರು ಮೊದಲ ಚೆಂಡನ್ನು ಬೀಸಿ ಹೊಡೆದರು. ಚೆಂಡು ಎಳೆಗಳಲ್ಲಿ ಹೊಕ್ಕು, ಅಲ್ಲೇ ಏನೋ ಯೋಚಿಸಿ, ಆಮೇಲೆ ಕವಣೆಕಲ್ಲಿನ ಹಾಗೆ ಚಿಮ್ಮಿ, ನಿರ್ದೇಶಕರನ್ನೂ ಬೇಲಿಯನ್ನೂ ದಾಟಿ ಪಕ್ಕದ ಮನೆಯ ತಾರಸಿಗೆ ಹೋಯಿತು. ಎರಡನೆಯದು ಅದನ್ನು ಹುಡುಕಿಕೊಂಡು ಹೋಯಿತು. ಸಾಹೇಬರು ಒಮ್ಮೆ ಎಳೆಗಳನ್ನು ಮುಟ್ಟಿ ನೋಡಿದರು. ಆಮೇಲೆ ಗುಮಾಸ್ತನನ್ನು ನೋಡಿದರು. ಫೈಲನ್ನು ಎದೆಗವಚಿಕೊಂಡು ಕೂತಿದ್ದ ಅವನಿಗೆ ಆ ನೋಟದ ನಂತರ ಆಟ ಕಾಣಿಸಲಿಲ್ಲ. ತಾರಸಿಯವರ ಬೈಗುಳ ಮಾತ್ರ ಕೇಳಿಸುತ್ತಿತ್ತು. ಸಾಹೇಬರು ಜೀವ ಬಿಟ್ಟು ಆಡಿದರು. ಆರು-ಸೊನ್ನೆ, ಆರು-ಒಂದರಲ್ಲಿ ಸೋತರು.

ನಿರ್ದೇಶಕರು ನಗುತ್ತ ಸಾಹೇಬರ ಬೆನ್ನು ತಟ್ಟಿ ಫೈಲಿನೊಂದಿಗೆ ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆಯ ಮೇಲೆ, ಬಟ್ಟೆ ಬದಲಿಸುವ ಕೋಣೆಗೆ ಗುಮಾಸ್ತನಿಗೆ ಕರೆ ಬಂತು. ಬಾಗಿಲು ಹಾಕಿದ ಕೂಡಲೇ ಸಾಹೇಬರು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಹೇಗ್ರೀ ಗೊತ್ತಾಯ್ತು ನಿಮಗೆ?"

"ಏನು ಸಾರ್?"

"ಹೋದ ಸಲ ಈ ಮನುಷ್ಯನ್ನ ಗೆದ್ದುಬಿಟ್ಟೆ. ಮೂರು ವರ್ಷ ನನ್ನ ಬಡ್ತಿ ಫೈಲು ಅವರ ಮೇಜಿಂದ ಅಲ್ಲಾಡಲಿಲ್ಲ. ಈ ಸಲ ಸೋತುಬಿಡು ಅಂತ ಬುದ್ಧಿ ಹೇಳತ್ತೆ, ಕೈ ಕೇಳಲ್ಲ. ಬೇಕಂತ ಸೋತರೆ ಅವರಿಗೆ ತಿಳಿಯತ್ತೆ. ನೀವು ಮಾಡಿದ್ದಲ್ವಾ ಕೆಲಸ! ನಾನು ಪ್ರಾಮಾಣಿಕವಾಗಿ ಆಡಿ, ಪ್ರಾಮಾಣಿಕವಾಗಿ ಸೋತೆ. ಬಡ್ತಿಗೆ ಸಹಿ ಬಿತ್ತು."

ಗುಮಾಸ್ತ ತಾನೂ ಅವರ ಕೈ ಬಿಗಿಯಾಗಿ ಹಿಡಿದ. "ಹಾಗಾದ್ರೆ ನನ್ನ ಅರ್ಜಿ, ಸಾರ್?"

"ವಾಪಸು ತಗೊಂಡೆ."

"ಸಾರ್?"

"ಬಾಯಿ ಬಿಟ್ಟು ಹೇಳದ್ದನ್ನ ಅರ್ಥ ಮಾಡ್ಕೊಳ್ಳೋ ಮನುಷ್ಯ ನೀವು. ನಿಮ್ಮನ್ನ ಕಳಿಸಿ ನಾನು ಯಾರನ್ನ ಇಟ್ಕೊಳ್ಲಿ?"

"ಸಾರ್, ನಾನೇನೂ ಅರ್ಥ ಮಾಡ್ಕೊಂಡಿಲ್ಲ." ಗುಮಾಸ್ತ ಅಂಗಲಾಚಿದ. "ತಪ್ಪಾಗಿದ್ದು ಅದು. ಕಿಲೋ ಹೋಗಿ ಪೌಂಡಾಯ್ತು. ನಾನು ದಡ್ಡ ಸಾರ್. ಬೇಕಾದ್ರೆ ಆಫೀಸಲ್ಲಿ ಯಾರನ್ನಾದ್ರೂ ಕೇಳಿ."

ಸಾಹೇಬರು ಕೈ ಬಿಟ್ಟರು. ಟವೆಲ್ಲು ಮಡಿಸಿಟ್ಟರು. "ತೂಕ ಮತ್ತು ಅಳತೆ ಇಲಾಖೆ ನೌಕರ, ಆಫೀಸಿನ ಮೊಹರು ಒತ್ತಿ, ಕಿಲೋ ಜಾಗದಲ್ಲಿ ಪೌಂಡು ಕಟ್ಟಿಸಿದ. ಹೀಗಂತ ಬರೆದುಕೊಡ್ತೀರಾ? ಕೊಟ್ರೆ ವಿಚಾರಣೆ ಮಾಡಿಸಬೇಕಾಗತ್ತೆ. ವಿಚಾರಣೆ ಮುಗಿಯೋ ತನಕ ಯಾರನ್ನೂ ವರ್ಗ ಮಾಡೋ ಹಾಗಿಲ್ಲ, ನಿಯಮ. ಈಗ ಹೇಳಿ, ನೀವು ಜಾಣರೋ ದಡ್ಡರೋ?"

ಜಾಣ ಎಂದರೂ ದಡ್ಡ ಎಂದರೂ ಗುಮಾಸ್ತನಿಗೆ ವರ್ಗ ಇಲ್ಲ. ಬಾಗಿಲು ಎರಡಿದ್ದವು, ಎರಡೂ ಇದೇ ಕೋಣೆಗೆ ತೆರೆದುಕೊಳ್ಳುತ್ತಿದ್ದವು.

"ಜಾಣ ಸಾರ್," ಎಂದ.

"ನನಗೆ ಗೊತ್ತಿತ್ತು." ಸಾಹೇಬರು ಮತ್ತೆ ನಕ್ಕರು. "ಆ ಜಾಗಕ್ಕೆ, ಇಲ್ಲದಿದ್ರೂ ನಿಮ್ಮ ಆಫೀಸು ನಡೆಯೋ ಅಂಥ ಒಬ್ಬರನ್ನ ಕೊಡಿ ಅಂದ್ರು ನಿರ್ದೇಶಕರು. ನಾನು ಯೋಚಿಸೋದೇ ಬೇಕಾಗಲಿಲ್ಲ."

ಗುಮಾಸ್ತ ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ವಿಶ್ವಕೋಶ ಆದೇಶದ ಕಾಗದ ಹಿಡಿದು ಎದುರಿಗೇ ಬಂದರು. ಸುದ್ದಿ ಅವನಿಗಿಂತ ಮೊದಲೇ ನಡೆದು ಬಂದಿತ್ತು.

"ನೋಡಿದ್ರಾ ಅನ್ಯಾಯ! ನಾನು ಕೇಳಿದ್ನಾ? ನನಗೆ ಆ ಊರಲ್ಲಿ ನಾಯಿ ಕೂಡ ಪರಿಚಯ ಇಲ್ಲ. ಸೋಮವಾರ ಹೋಗಿ ಸೇರ್ಕೊಬೇಕಂತೆ." ಅವರು ಗುಮಾಸ್ತನ ತೋಳು ಹಿಡಿದು ಗೋಡೆಯ ಬದಿಗೆ ಕರೆದರು. "ನಿಮ್ಮ ಮನೆಯವರು ಅಲ್ಲೇ ಇದಾರಲ್ಲ. ಒಂದು ಬಾಡಿಗೆ ಮನೆ ನೋಡೋಕೆ ಹೇಳ್ರೀ. ಆಮೇಲಲ್ಲ, ಈಗ ಮಾಡಿ ಫೋನು. ನಾನು ಇಲ್ಲೇ ಇರ್ತೀನಿ."

ಮೊದಲ ರಿಂಗಿಗೇ ಹೆಂಡತಿ ಎತ್ತಿಕೊಂಡಳು. ಮಧ್ಯಾಹ್ನದಿಂದ ಫೋನನ್ನು ಕೈಯಲ್ಲೇ ಹಿಡಿದಿದ್ದಳೆಂದು ಗುಮಾಸ್ತನಿಗೆ ತಿಳಿಯಿತು. "ಏನಾಯ್ತು ರೀ?" ಎಂದಳು.

ವಿಶ್ವಕೋಶರ ಕಿವಿ ಫೋನಿಗೆ ಒಂದು ಗೇಣು ದೂರದಲ್ಲಿತ್ತು.

"ಅಲ್ಲಿ ಒಂದು ಮನೆ ನೋಡ್ಬೇಕಿತ್ತು," ಎಂದ ಗುಮಾಸ್ತ.

ಆ ಕಡೆಯಿಂದ ಅಳುವಿನಂಥದೇನೋ ಬಂತು, ಅದು ನಗು. "ನೋಡೇ ಇಟ್ಟಿದೀನಿ ರೀ! ನಿಮಗೆ ಹೇಳಿರಲಿಲ್ಲ, ಹೇಳಿದರೆ ಎಲ್ಲಿ ಕೈತಪ್ಪಿ ಹೋಗತ್ತೋ ಅಂತ. ನಮ್ಮ ಸ್ಕೂಲಿನ ಹಿಂದಿನ ಬೀದೀಲೇ. ಎರಡು ಕೋಣೆ, ಮುಂದೆ ಸಣ್ಣ ಜಗಲಿ. ಓನರಿಗೆ ಇವತ್ತು ಸಂಜೆ ತನಕ ತಡೀರಿ ಅಂತ ಕಾಲು ಹಿಡಿದು ಬಂದಿದೀನಿ."

"ನೀರು ಹೇಗೆ ಕೇಳಿ," ಎಂದು ವಿಶ್ವಕೋಶ ಪಿಸುಗುಟ್ಟಿದರು.

"ನೀರು ಹೇಗೆ?"

"ನೀರಿಗೇನೂ ತೊಂದ್ರೆ ಇಲ್ಲ. ಬೆಳಕಂತೂ ಎಷ್ಟಿದೆ ಅಂತೀರಿ! ಹೇಳಿ ರೀ, ಬೇರೆ ಯಾರೋ ಕೇಳ್ತಿದಾರಂತೆ. ಏನು ಹೇಳ್ಲಿ ಅವರಿಗೆ?"

ವಿಶ್ವಕೋಶ ಹೂಂ ಹೂಂ ಎಂದು ಜೋರಾಗಿ ತಲೆಯಾಡಿಸುತ್ತಿದ್ದರು.

"ಹಿಡಿದುಬಿಡು," ಎಂದ ಗುಮಾಸ್ತ.