ಸೈಕಲ್ ಪಟ್ಟಿಯ ಮೇಲೆ ಮೂರು ಲಿಂಬೆಹಣ್ಣು

ಬನಹಟ್ಟಿ ಪ್ಯಾಟಿಯಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಅದರ ಮುಂದೆ ದಿನಾ ಏನಾದರೊಂದು ನಡೆಯುತ್ತದೆ. ನಡೆಯದ ದಿನ ನಾನೇ ನಡೆಸುತ್ತೇನೆ. ಹೇಳುವಾಗ ತುಸು ಒಗ್ಗರಣೆ ಬಿದ್ದೀತು, ಆದರೆ ಸರಕು ಖರೆ.

೧. ಹಸಿರು ಪಟ್ಟಿ

ಕಾರು, ಟ್ರ್ಯಾಕ್ಟರುಗಳ ನಡುವೆ ಸೈಕಲ್ಲಿನವರು ಜೀವ ಕೈಯಲ್ಲಿ ಹಿಡಿದು ಹೋಗುತ್ತಾರೆಂದು ನಗರಸಭೆಯವರು ರಸ್ತೆಯ ಅಂಚಿಗೆ ಹಸಿರು ಪಟ್ಟಿ ಬಳಿದು, ಮೇಲೊಂದು ಸೈಕಲ್ಲಿನ ಚಿತ್ರ ಬರೆದರು. ಮರುದಿನ ನೋಡಿದರೆ ಪಟ್ಟಿಯುದ್ದಕ್ಕೂ ಗಳ ಕಟ್ಟಿ, ಬಣ್ಣ ಹಾಕಿದ ನೂಲು ಒಣಗಹಾಕಿದ್ದಾರೆ. ಪಕ್ಕದ ಓಣಿಯ ನೇಕಾರರ ಅಜ್ಜಿ, ನಮಗೆಲ್ಲ ಆಯಿ, ಕಾಲು ಚಾಚಿ ಕಾವಲು ಕೂತಿದ್ದಳು.

"ಆಯಿ, ಇದು ಸೈಕಲ್ ಹೋಗಾಕ ಮಾಡಿದ್ದು."

"ಹೋಗಲೆಪಾ, ಬ್ಯಾಡ ಅಂದವರ್ಯಾರು? ನೂಲು ಒಣಗಿದ ಮ್ಯಾಲ ಹೋಗಲಿ."

ಅವತ್ತು ಮೋಡ ಕವಿದಿತ್ತು.

೨. ಹೊದಿಕೆ

ನೂಲು ತೆಗೆದ ಜಾಗಕ್ಕೆ ಎದುರಿನ ಬಟ್ಟೆ ಅಂಗಡಿ ಸಾವಕಾರರ ಕಾರು ಬಂತು, ಸರಿಯಾಗಿ ನನ್ನ ಬಾಗಿಲಿಗೆ ಅಡ್ಡ. ಗಾಳಿ ಹಾಕಿಸಲು ಬಂದವರಿಗೆ ಅಂಗಡಿಯೇ ಕಾಣದು.

"ಸಾವಕಾರ್ರ, ಇದು ಸೈಕಲ್ ಜಾಗಾರಿ."

ಅವರು ಹೋಗಿ ಡಿಕ್ಕಿ ತೆಗೆದರು. ಒಳಗೆ ಮೊಮ್ಮಗಳ ಮೂರು ಗಾಲಿಯ ಸೈಕಲ್.

"ನಾ ಸೈಕಲ್ಲ ನಿಲ್ಲಿಸೇನಿ. ಕಾರು ಅದಕ್ಕ ಹೊದಿಕಿ."

೩. ಔಷಧ

ನಗರಸಭೆಗೆ ದೂರು ಕೊಟ್ಟೆ. ಎಂಜಿನಿಯರ್ ಸಾಹೇಬರು ಹೇಳಿದರು: "ಸೋಮವಾರ ಬಂದು ನೋಡ್ತೀನಿ. ಸೈಕಲ್ ಓಡಾಡಿದ್ರ ಪಟ್ಟಿ ಇರತೈತಿ. ಇಲ್ಲಾಂದ್ರ ಅಳಿಸಿ ಕಾರ್ ನಿಲ್ಲಿಸಾಕ ಬಿಡೂದು."

ಪಟ್ಟಿ ಹೋದರೆ ನನ್ನ ಅಂಗಡಿಯೂ ಹೋದಂತೆ. ಸೋಮವಾರ ನಸುಕಿನಲ್ಲಿ ಮೂರು ಲಿಂಬೆಹಣ್ಣಿಗೆ ಕುಂಕುಮ ಹಚ್ಚಿ ಪಟ್ಟಿಯ ಮೇಲೆ ಇಟ್ಟು ಬಂದೆ. ಸಾವಕಾರರ ಕಾರು ಬಂತು, ನಿಂತಿತು, ಹಾಗೆಯೇ ಹಿಂದಕ್ಕೆ ಹೋಯಿತು. ಔಷಧ ಹತ್ತಿತು ಅಂದುಕೊಂಡೆ.

ಸೈಕಲ್ಲಿನವರಿಗೂ ಅದೇ ಔಷಧ ಹತ್ತುತ್ತದೆಂದು ಹೊಳೆದಿರಲಿಲ್ಲ.

೪. ನಾಲ್ಕನೆಯದು

ಸಾಹೇಬರು ಒಂದು ತಾಸು ಕೂತರು. ಪಟ್ಟಿಯ ಮೇಲೆ ಒಂದು ಸೈಕಲ್ಲೂ ಇಲ್ಲ.

"ಎಲ್ಲಿ ಅದಾವರೀ ನಿಮ್ಮ ಸೈಕಲ್ಲು?"

"ಕಾರಿನ ನಡುವ ಹೊಂಟಾವಲ್ರಿ."

ಅಳಿಸಲು ಪೇಂಟರ್ ಬಂದ. ಡಬ್ಬಿಯ ಮುಚ್ಚಳ ತೆಗೆದ, ಲಿಂಬೆಹಣ್ಣು ನೋಡಿದ, ಮುಚ್ಚಿದ.

"ಮುಂದಿನ ತಿಂಗಳ ಮಗಳ ಲಗ್ನ ಐತ್ರಿ. ನಾ ಒಲ್ಲೆ."

"ಸರಸಿ ಬಳಿಯೋ."

"ನೀವ ಸರಸ್ರಿ ಸಾಹೇಬ್ರ."

ಸಾಹೇಬರು ಲಿಂಬೆಹಣ್ಣು ನೋಡಿದರು, ಗಡಿಯಾರ ನೋಡಿದರು. "ಇರಲಿ ಬಿಡು," ಎಂದು ಜೀಪು ಹತ್ತಿದರು.

ಪಟ್ಟಿ ಉಳಿಯಿತು. ಸಾವಕಾರರು ಕಟ್ಟೆಯ ಮೇಲಿಂದ, "ಗೆದ್ರಿ ಬಿಡ್ರಿ. ಈಗರ ಒಂದ್ ಸುತ್ತ ಸೈಕಲ್ ಹೊಡೀರಿ, ನೋಡೂಣು," ಎಂದರು.

ಇಟ್ಟವನೇ ನಾನು, ನನಗೇನು ಅಂಜಿಕೆ? ಸೈಕಲ್ ಹತ್ತಿ ಒಂದು ದಾಟಿದೆ, ಎರಡು ದಾಟಿದೆ, ಮೂರೂ ದಾಟಿದೆ. ಬೆವರು ಬಂದದ್ದು ಬಿಸಿಲಿಗೆ.

ನನ್ನ ಬಾಗಿಲ ಮುಂದೆ ನಾಲ್ಕನೆಯದಿತ್ತು.

ಇಳಿದೆ. ಸೈಕಲ್ ಹೆಗಲ ಮೇಲೆ ಹೊತ್ತು, ಕಾರುಗಳ ನಡುವಿನಿಂದ ಸುತ್ತಿ ಬಂದು ಅಂಗಡಿ ಸೇರಿದೆ. ಸಾವಕಾರರು ಅಡಿಕೆ ಅಗಿಯುತ್ತ ಆಕಾಶ ನೋಡುತ್ತಿದ್ದರು.

ಆಗ ಆಯಿ ನೂಲಿನ ಗಂಟು ಹೊತ್ತು ಬಂದಳು. ನಾಲ್ಕೂ ಹಣ್ಣು ಆರಿಸಿ, ಕುಂಕುಮ ಒರೆಸಿ, ಉಡಿಯಲ್ಲಿ ಹಾಕಿಕೊಂಡಳು. ನಮ್ಮಿಬ್ಬರನ್ನೂ ಒಮ್ಮೆ ನೋಡಿ ಹೇಳಿದಳು:

"ನಾಳಿಗೆ ಇಬ್ರೂ ಕೂಡಿ ಒಂದ್ ಡಜನ್ ಇಡ್ರಿ. ನಾಲ್ಕರಾಗ ಉಪ್ಪಿನಕಾಯಿ ಆಗೂದಿಲ್ಲ."