ಮಾವನವರು ಪ್ರಾಣಾಯಾಮ ಬಿಟ್ಟದ್ದು

ಜೀವರಸಾಯನ ಶಾಸ್ತ್ರ ಕಲಿಸುವವನಿಗೆ ತರಗತಿಯಲ್ಲಿ ಸಿಗದ ಕೇಳುಗರು ಮನೆಯಲ್ಲಿ ಸಿಗುತ್ತಾರೆ. ಊಟಕ್ಕೆ ಕುಳಿತವರು ಎದ್ದು ಹೋಗುವಂತಿಲ್ಲವಲ್ಲ! ಎಂಬತ್ತರ ದಶಕದಲ್ಲಿ ಹೆಬ್ಬಾಳದ ಆಚೆ ಒಂದು ಕಾಲೇಜಿನಲ್ಲಿ ಮೇಷ್ಟರಾಗಿದ್ದ ನಾನು, ಮರುದಿನದ ಪಾಠವನ್ನು ಯಲಹಂಕದ ನಮ್ಮ ಬಾಡಿಗೆ ಮನೆಯಲ್ಲಿ ಊಟದ ಹೊತ್ತಿಗೇ ಒಮ್ಮೆ ಒಪ್ಪಿಸಿಬಿಡುತ್ತಿದ್ದೆ. ಹೆಂಡತಿ ಸುಮಿತ್ರಾ ಸಾರು ಬಡಿಸುತ್ತಾ ಹೂಂಗುಟ್ಟುತ್ತಿದ್ದಳು. ಅದು ನನಗೋ ಪಕ್ಕದ ಮನೆಯ ರೇಡಿಯೋಗೋ ತಿಳಿಯುತ್ತಿರಲಿಲ್ಲ. ಗಮನವಿಟ್ಟು ಕೇಳುತ್ತಿದ್ದವರೆಂದರೆ ಅವಳ ತಂದೆ. ಧಾರವಾಡದ ಕಡೆಯವರು. ಅತ್ತೆಯವರು ಹೋದ ಮೇಲೆ ನಮ್ಮಲ್ಲಿಗೇ ಬಂದಿದ್ದರು. ಬೆಳಗಾದರೆ ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ವಾಕಿಂಗು, ಅಲ್ಲೇ ಕುಳಿತು ಪ್ರಾಣಾಯಾಮ. ಮನೆಗೆ ಬರುವಾಗ ಮುಖ ಅರಳಿರುತ್ತಿತ್ತು.

ಒಂದು ದಿನ ಆಮ್ಲಜನಕದ ಪಾಠ ಬಂತು. "ಎಳೆದುಕೊಂಡ ಉಸಿರು ಕೊನೆಗೆ ಜೀವಕೋಶದೊಳಗೆ ಹೋಗುತ್ತೆ ಮಾವ," ಎಂದು ಶುರು ಮಾಡಿದೆ. "ಅಲ್ಲಿ ಮೈಟೊಕಾಂಡ್ರಿಯ ಅಂತ ಸಣ್ಣ ಸಣ್ಣ ಒಲೆಗಳಿರುತ್ವೆ. ತಿಂದ ಅನ್ನದಿಂದ ಬಂದ ಎಲೆಕ್ಟ್ರಾನುಗಳು ಅಲ್ಲಿ ಕೈಯಿಂದ ಕೈಗೆ ದಾಟ್ತವೆ. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಬಕೆಟ್ ದಾಟಿಸ್ತಾರಲ್ಲ, ಹಂಗೆ. ಕೊನೇಲಿ ಆಮ್ಲಜನಕ ಅವನ್ನ ಇಸ್ಕೊಂಡು ನೀರಾಗುತ್ತೆ. ಆದ್ರೆ ದಾರೀಲಿ ಒಂದಿಷ್ಟು ಚೆಲ್ಲುತ್ತೆ. ಚೆಲ್ಲಿದ ಒಂದೇ ಎಲೆಕ್ಟ್ರಾನು ಆಮ್ಲಜನಕಕ್ಕೆ ಅಂಟಿಕೊಂಡ್ರೆ ಸೂಪರ್ ಆಕ್ಸೈಡ್ ಆಗುತ್ತೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಅದಕ್ಕೆ ಕಬ್ಬಿಣದ ಅಂಶ ಸಿಕ್ಕಿದ್ರೆ ಇನ್ನೂ ಪುಂಡ ವಸ್ತು ಹುಟ್ಕೊಂಡು, ಎದುರಿಗೆ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತೆ."

"ಅಂದ್ರ ಉಸಿರಾಡೂದ ಅಪಾಯ ಅನ್ರಿ," ಎಂದರು ಮಾವ.

"ಒಂದು ಲೆಕ್ಕದಲ್ಲಿ ಹೌದು," ಎಂದು ನಾನು ಮೊಸರಿಗೆ ಕೈ ಚಾಚಿದೆ.

ಕೆಲವು ದಿನ ಕಳೆದು ನೋಡಿದರೆ ಮಾವನವರ ವಾಕಿಂಗೂ ಇಲ್ಲ, ಪ್ರಾಣಾಯಾಮವೂ ಇಲ್ಲ. ಬೆಳಗಿನಿಂದ ವರಾಂಡದ ಕುರ್ಚಿಯಲ್ಲಿ ಕುಳಿತು ಬೀದಿ ನೋಡುತ್ತಿದ್ದರು. ಊಟವೂ ಇಳಿದಿತ್ತು. ಸುಮಿತ್ರಾ ಕಾರಣ ಕೇಳಿದ್ದಕ್ಕೆ, "ಮೈಯಾಗ ಸುಮ್ಮನ ಆಕ್ಸಿಜನ್ ಯಾಕ ತುಂಬ್ಕೋಬೇಕವ್ವಾ? ಅಳಿಯಂದ್ರ ಹೇಳ್ಯಾರಲ್ಲ," ಅಂದರಂತೆ. ಅವಳು ಸೌಟು ಹಿಡಿದೇ ನನ್ನ ಬಳಿ ಬಂದಳು.

"ನಮ್ಮ ಅಪ್ಪನ ಉಸಿರು ನಿಲ್ಲಿಸಿದವರು ನೀವು. ಈಗ ನೀವ ಶುರು ಮಾಡಿಸ್ರಿ."

ನನ್ನ ಪಾಠದಿಂದ ವಿದ್ಯಾರ್ಥಿಗಳು ನಿದ್ದೆ ಹೋದದ್ದುಂಟು. ಯಾರೂ ಬದುಕುವುದನ್ನು ಬಿಟ್ಟಿರಲಿಲ್ಲ. ನಿಜವಾಗಿಯೂ ಹೆದರಿದೆ. ಭಾನುವಾರ ಮೆಡಿಕಲ್ ಶಾಪಿನಿಂದ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತಂದು, ಹಸಿ ಆಲೂಗಡ್ಡೆ ಹೆಚ್ಚಿ ತಟ್ಟೆಯಲ್ಲಿಟ್ಟುಕೊಂಡು ಮಾವನ ಮುಂದೆ ಕುಳಿತೆ. ಹೋಳುಗಳ ಮೇಲೆ ನಾಲ್ಕು ಹನಿ ಬಿಟ್ಟೆ. ಬುಸಬುಸನೆ ನೊರೆ ಎದ್ದಿತು.

"ನೋಡಿ ಮಾವ, ಈ ಗೆಡ್ಡೆಯ ಜೀವಕೋಶದಲ್ಲೂ ಕಾವಲಿನವರಿದ್ದಾರೆ. ಪೆರಾಕ್ಸೈಡ್ ಬಂದ ತಕ್ಷಣ ಒಡೆದು ನೀರೂ ಆಮ್ಲಜನಕವೂ ಮಾಡಿಬಿಡ್ತಾರೆ. ಆ ಗುಳ್ಳೆ ಅದೇ. ನಮ್ಮ ಮೈಯಲ್ಲೂ ಇಂಥವರಿದ್ದಾರೆ. ಉಸಿರಾಡೋದಕ್ಕೆ ಏನೂ ಭಯ ಬೇಡ."

ಮಾವ ನೊರೆ ಪೂರ್ತಿ ಇಳಿಯುವವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕರು.

"ಭಾಳ ಛಲೋ ತೋರ್ಸಿದ್ರಿ. ಆದ್ರ ನಾ ವಾಕಿಂಗ್ ಬಿಟ್ಟದ್ದು ಅದಕ್ಕಲ್ರಿ. ದಿನಾ ಕೆರಿಗಿ ನನ್ನ ಜೋಡಿಗಿ ರಂಗಪ್ಪನವರು ಅಂತ ಒಬ್ರು ಬರ್ತಿದ್ರು. ದಾರಿ ತುಂಬ ಅವರ ಮಾತು, ನನ್ನ ಮಾತು. ಅವರು ಮೈಸೂರಿಗಿ ಮಗಳ ಮನಿಗಿ ಹೋಗಿಬಿಟ್ರು. ಒಬ್ಬನ ಹೋಗಾಕ ಮನಸ್ಸಾಗವಲ್ದು. ಮಗಳು ಕೇಳಿದ್ಲು. ಹಿಂಗಂತ ಹೇಳಿದ್ರ ಸಣ್ಣ ಹುಡುಗನಂಗ ಆಕ್ಕೇತಿ ಅಂತ ನಿಮ್ಮ ಆಕ್ಸಿಜನ್ ಮ್ಯಾಲ ಹಾಕ್ದೆ."

ಕಣ್ಣಿಗೆ ಕಾಣದ ಎಲೆಕ್ಟ್ರಾನು ಎಲ್ಲಿ ಚೆಲ್ಲುತ್ತದೆಂದು ಬಲ್ಲ ನನಗೆ, ಪಕ್ಕದಲ್ಲೇ ಕುಳಿತು ಉಣ್ಣುವವರ ಜೊತೆಗಾರ ಊರು ಬಿಟ್ಟದ್ದು ತಿಳಿದಿರಲಿಲ್ಲ. ಸುಮಿತ್ರಾ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾರನೆಯ ಬೆಳಿಗ್ಗೆ ಮಾವನವರ ಜೊತೆ ನಾನೇ ಹೊರಟೆ. ರಂಗಪ್ಪನವರ ಜಾಗ ತುಂಬಬೇಕಲ್ಲ ಎಂದು ಕೆರೆಯ ಪಾಚಿ ಹೇಗೆ ಆಮ್ಲಜನಕ ಬಿಡುತ್ತದೆಂದು ವಿವರಿಸತೊಡಗಿದೆ. ಏರಿ ಅರ್ಧ ದಾಟುವಷ್ಟರಲ್ಲಿ ನನಗೆ ಏದುಸಿರು. ಮಾವ ನಿಂತು, ಬೆನ್ನ ಮೇಲೆ ಕೈಯಿಟ್ಟು ಪ್ರೀತಿಯಿಂದ ಹೇಳಿದರು:

"ಅಳಿಯಂದ್ರ, ಸ್ವಲ್ಪ ಬಾಯಿ ಮುಚ್ಕೊಂಡು ಮೂಗಿಲೆ ಉಸಿರಾಡ್ರಿ."

ಇದು ಪ್ರಾಣಾಯಾಮದ ಮೊದಲ ಪಾಠವೋ, ನನ್ನ ಪಾಠಗಳ ಬಗ್ಗೆ ಅವರ ಅಭಿಪ್ರಾಯವೋ ಎಂದು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.